ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಷರ ತಿದ್ದಿದವರು

1957ರ ಜನವರಿ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ನಗರಕ್ಕೆ ಹತ್ತಿರದ ಜಾನ್ಸ್ ದ್ವೀಪದಲ್ಲಿ ಒಂದು ಸಹಕಾರಿ ಅಂಗಡಿ. ಮುಂದೆ ದಿನಸಿ ವ್ಯಾಪಾರ, ಹಿಂದೆ ಕಿಟಕಿಯಿಲ್ಲದ ಕೋಣೆ. ಬಿಳಿಯರು ಇಣುಕಿ ನೋಡಬಾರದೆಂದೇ ಆ ಏರ್ಪಾಡು. ಹೊಲಗೆಲಸ ಕಡಿಮೆಯಿರುವ ಆ ಚಳಿಗಾಲದಲ್ಲಿ 14 ಮಂದಿ ಕಪ್ಪು ಜನ ಸಂಜೆಯ ಹೊತ್ತು ಅಲ್ಲಿ ಸೇರುತ್ತಿದ್ದರು. ಎಲ್ಲರೂ ದೊಡ್ಡವರು, ಬದುಕಿನಲ್ಲಿ ಬಹಳ ಕಂಡವರು. ರಟ್ಟಿನ ಮೇಲೆ ಬರೆದುಕೊಟ್ಟ ತಮ್ಮ ಹೆಸರನ್ನು ಪೆನ್ಸಿಲ್ಲಿನಿಂದ ತಿದ್ದಿ ತಿದ್ದಿ, ಅದು ಕೈಗೆ ಪಳಗುವವರೆಗೂ ಬಿಡುತ್ತಿರಲಿಲ್ಲ.

ಅವರಿಗೆ ಬೇಕಿದ್ದದ್ದು ಮತದ ಹಕ್ಕು. ಮತದಾರರ ಪಟ್ಟಿಗೆ ಹೆಸರು ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯ ಎದುರು ಓದಬೇಕಿತ್ತು. ಓದಲು ಬಾರದವರು ಪಟ್ಟಿಯ ಹೊರಗೆ. ಆದರೆ ಅವರಿಗೆ ಓದು ಬಾರದಂತೆ ಮಾಡಿದ್ದು ಯಾರು?

ಅದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಜಾನ್ಸ್ ದ್ವೀಪದ ಅಂಚಿನಲ್ಲಿ ಸ್ಟೊನೊ ಎಂಬ ನದಿ ಹರಿಯುತ್ತದೆ. 1739ರಲ್ಲಿ ಗುಲಾಮರು ದಂಗೆ ಎದ್ದದ್ದು ಆ ನದಿಯ ಬಳಿಯೇ. ಮರುವರ್ಷವೇ ಕಾನೂನು ಬಂತು: ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ. 1829ರಲ್ಲಿ ಬೋಸ್ಟನ್ನಿನ ಹಳೆಬಟ್ಟೆ ವ್ಯಾಪಾರಿ ಡೇವಿಡ್ ವಾಕರ್ ಗುಲಾಮಗಿರಿಯ ವಿರುದ್ಧ ಒಂದು ಕಿರುಪುಸ್ತಕ ಪ್ರಕಟಿಸಿದರು. ನಾವಿಕರ ಕೈ ಸೇರಿ ಅದು ದಕ್ಷಿಣದ ಬಂದರುಗಳನ್ನು ತಲುಪಿದಾಗ ಅಲ್ಲಿನ ಸರ್ಕಾರಗಳು ಬೆಚ್ಚಿದವು. 1831ರಲ್ಲಿ ವರ್ಜೀನಿಯಾದಲ್ಲಿ ದಂಗೆಯ ಮುಂದಾಳಾದ ನ್ಯಾಟ್ ಟರ್ನರ್ ಕೂಡ ಓದು ಬಲ್ಲ ಗುಲಾಮ. ಆಮೇಲೆ ನಿಷೇಧ ಇನ್ನಷ್ಟು ಬಿಗಿಯಾಯಿತು. ಅಲಬಾಮಾದಲ್ಲಿ ಓದು ಕಲಿಸಿದವರಿಗೆ 250ರಿಂದ 500 ಡಾಲರ್ ದಂಡ ಗೊತ್ತಾಯಿತು. ಚಾಟಿ, ಸರಪಳಿ, ಬಂದೂಕು ಎಲ್ಲವೂ ಕೈಯಲ್ಲಿದ್ದವರು ಅಕ್ಷರಕ್ಕೆ ಇಷ್ಟೊಂದು ಹೆದರಿದ್ದರು. ಕಪ್ಪು ಜನರ ಹೋರಾಟದ ಇತಿಹಾಸವನ್ನು ನಾನು ಓದುವುದು ಆ ಹೆದರಿಕೆಯನ್ನೇ ಮೊದಲಾಗಿಟ್ಟುಕೊಂಡು.

ಆ ಹೆದರಿಕೆಯನ್ನು ಬಾಲ್ಯದಲ್ಲೇ ಗುರುತಿಸಿದವರು ಫ್ರೆಡರಿಕ್ ಡಗ್ಲಸ್. ಬಾಲ್ಟಿಮೋರ್‌ನಲ್ಲಿ ಒಡತಿ ಸೊಫಿಯಾ ಆಲ್ಡ್ ಆ ಹುಡುಗನಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಓದು ಕಲಿತರೆ ಇವನು ಗುಲಾಮನಾಗಿ ಉಳಿಯುವುದಿಲ್ಲ ಎಂದು ಗಂಡ ಅದನ್ನು ತಡೆದ. ಬಿಡುಗಡೆಯ ದಾರಿ ಯಾವುದು ಎಂದು ತನಗೆ ತಿಳಿದದ್ದು ಆ ಮಾತಿನಿಂದಲೇ ಎಂದು ಡಗ್ಲಸ್ ಮುಂದೆ ಬರೆದರು. ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡರು. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡು ಹಡಗಿನ ಎಡಕ್ಕೋ ಬಲಕ್ಕೋ ಎಂದು ತಿಳಿಯಲು ಅದರ ಮೇಲೆ ‘ಎಲ್’ ಅಥವಾ ‘ಎಸ್’ ಎಂದು ಗುರುತು ಹಾಕುತ್ತಿದ್ದರು. ಅದನ್ನು ನೋಡಿಯೇ ಬರವಣಿಗೆ ಶುರು. ನಿಮಗಿಂತ ಚೆನ್ನಾಗಿ ಬರೆಯಬಲ್ಲೆ ಎಂದು ಹುಡುಗರಿಗೆ ಸವಾಲು ಹಾಕಿ, ಅವರು ಬರೆದು ತೋರಿಸಿದ ಅಕ್ಷರಗಳನ್ನೂ ಕಲಿತುಕೊಳ್ಳುತ್ತಿದ್ದರು. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡರು, 1845ರಲ್ಲಿ ಆತ್ಮಕಥೆ ಪ್ರಕಟಿಸಿದರು, 1847ರಲ್ಲಿ ಸ್ವಂತ ಪತ್ರಿಕೆ ತೆಗೆದರು.

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಜನಾಂಗದ ಕಾರಣಕ್ಕೆ ಮತದ ಹಕ್ಕು ಕಸಿಯಬಾರದೆಂಬ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲಿ ಜಾರಿಗೆ ಬಂತು. ಆಗ ದಕ್ಷಿಣದ ರಾಜ್ಯಗಳು ವರಸೆ ಬದಲಿಸಿದವು. ನೂರು ವರ್ಷ ಅಕ್ಷರವನ್ನು ನಿಷೇಧಿಸಿದವರು ಈಗ ಅದನ್ನೇ ಅರ್ಹತೆಯಾಗಿ ಕೇಳಿದರು. 1890ರ ಮಿಸಿಸಿಪ್ಪಿ ಸಂವಿಧಾನದ ಪ್ರಕಾರ ಮತದಾರ ಸಂವಿಧಾನದ ಯಾವುದೇ ಕಲಮನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದಕ್ಕೆ ಅರ್ಥ ಹೇಳಬೇಕು. ಉತ್ತರ ಸರಿಯೇ ಎಂದು ತೀರ್ಮಾನಿಸುವವರು ನೋಂದಣಿ ಅಧಿಕಾರಿ, ಅಂದರೆ ಬಿಳಿಯರು. ಲೂಸಿಯಾನ 1898ರಲ್ಲಿ ಇನ್ನೊಂದು ಉಪಾಯ ಹೂಡಿತು: 1867ರ ಜನವರಿ 1ಕ್ಕೆ ತಂದೆಗೋ ತಾತನಿಗೋ ಮತದ ಹಕ್ಕಿದ್ದವರಿಗೆ ಪರೀಕ್ಷೆಯೇ ಇಲ್ಲ. ಆ ದಿನ ಅಲ್ಲಿನ ಕಪ್ಪು ಜನರಿಗೆ ಮತದ ಹಕ್ಕಿರಲಿಲ್ಲ. 1896ರಲ್ಲಿ ಆ ರಾಜ್ಯದ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334. 1904ರಲ್ಲಿ ಉಳಿದವರು 1,342.

ಮತ ಕಿತ್ತುಕೊಂಡ ಮೇಲೂ ಬಾಯಿ ತೆರೆದವರನ್ನು ಗುಂಪು ಹಲ್ಲೆ ಕಾದಿತ್ತು. 1892ರಲ್ಲಿ ಮೆಂಫಿಸ್‌ನಲ್ಲಿ ಕಪ್ಪು ಜನರ ದಿನಸಿ ಅಂಗಡಿಯೊಂದಕ್ಕೆ ಸೇರಿದ ಮೂವರನ್ನು ಗುಂಪು ಕೊಂದಿತು. ಅವರಲ್ಲಿ ಒಬ್ಬರ ಗೆಳತಿಯಾಗಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಸುಮ್ಮನೆ ಕೂರಲಿಲ್ಲ, ಬರೆದರು. ಅವರು ಊರಲ್ಲಿ ಇಲ್ಲದಾಗ ಪತ್ರಿಕೆಯ ಕಚೇರಿ ಧ್ವಂಸವಾಯಿತು. 1895ರಲ್ಲಿ ಅವರು ದೇಶದ ಇಂಥ ಹತ್ಯೆಗಳ ಲೆಕ್ಕವನ್ನು ಪುಸ್ತಕವಾಗಿ ತಂದಾಗ ಅಂಕಿಗಳನ್ನು ಎತ್ತಿಕೊಂಡದ್ದು ಬಿಳಿಯರ ಪತ್ರಿಕೆಯಿಂದಲೇ. ಯಾರೂ ಅಲ್ಲಗಳೆಯುವಂತಿರಲಿಲ್ಲ.

ಮುಂದಿನ ತಲೆಮಾರಿನ ದೊಡ್ಡ ಲೇಖನಿ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರದು. 1909ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಕಟ್ಟಿದವರಲ್ಲಿ ಒಬ್ಬರು, 1910ರಿಂದ ಅದರ ಪತ್ರಿಕೆಯ ಸಂಪಾದಕರು. 1946ರಲ್ಲಿ ಅಂಬೇಡ್ಕರ್ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಪ್ರಸ್ತಾಪಿಸಿದರು. ಡು ಬಾಯ್ಸ್ ಉತ್ತರ ಬರೆದರು. ಅಕ್ಷರದಿಂದ ದೂರವಿಟ್ಟವರ ನೋವು ಇಬ್ಬರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಮತ್ತೆ ಜಾನ್ಸ್ ದ್ವೀಪಕ್ಕೆ ಬರೋಣ. ಸೆಪ್ಟಿಮಾ ಕ್ಲಾರ್ಕ್ ಅಲ್ಲಿಗೆ ಶಿಕ್ಷಕಿಯಾಗಿ ಹೋದದ್ದು 1916ರಲ್ಲಿ, 18ರ ವಯಸ್ಸಿನಲ್ಲಿ. ಚಾರ್ಲ್‌ಸ್ಟನ್ ನಗರದ ಸರ್ಕಾರಿ ಶಾಲೆಗಳು ಆಗ ಕಪ್ಪು ಶಿಕ್ಷಕರನ್ನು ತೆಗೆದುಕೊಳ್ಳುತ್ತಿರಲಿಲ್ಲ. ದ್ವೀಪದ ಶಾಲೆಯಲ್ಲಿ 132 ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು. ಬರೆಯುವ ಹಲಗೆಯಿಲ್ಲದೆ ಕಾಗದದ ಚೀಲಗಳ ಮೇಲೆ ಅಕ್ಷರ ಬರೆದು ಕಲಿಸಿದರು. 1956ರಲ್ಲಿ ಸರ್ಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿರಬಾರದೆಂದು ರಾಜ್ಯ ಕಾನೂನು ಮಾಡಿತು. ಸದಸ್ಯತ್ವ ಬಿಡಲು ಒಪ್ಪದ ಕ್ಲಾರ್ಕ್ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡರು. ಟೆನೆಸ್ಸಿಯ ಹೈಲ್ಯಾಂಡರ್ ಜಾನಪದ ಶಾಲೆ, ಅಂದರೆ ದೊಡ್ಡವರಿಗೆ ಹೋರಾಟದ ತರಬೇತಿ ಕೊಡುವ ಸಂಸ್ಥೆ, ಅವರಿಗೆ ಜಾಗ ಕೊಟ್ಟಿತು. 1955ರ ಬೇಸಿಗೆಯಲ್ಲಿ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ನಿರಾಕರಿಸುವ ಕೆಲವೇ ತಿಂಗಳ ಮೊದಲು, ರೋಸಾ ಪಾರ್ಕ್ಸ್ ಅಲ್ಲಿ ಕ್ಲಾರ್ಕ್ ನಡೆಸಿದ ಶಿಬಿರದಲ್ಲಿ ಕೂತಿದ್ದರು.

ದ್ವೀಪದಿಂದ ನಗರಕ್ಕೆ ಕೆಲಸಗಾರರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ ಇಸಾ ಜೆಂಕಿನ್ಸ್, ದಾರಿಯುದ್ದಕ್ಕೂ ಪ್ರಯಾಣಿಕರಿಗೆ ಸಂವಿಧಾನದ ಭಾಗವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆಲಿಸ್ ವೈನ್ ಎಂಬಾಕೆ ಅದನ್ನು ಕಂಠಪಾಠ ಮಾಡಿಯೇ ನೋಂದಣಿ ಪಡೆದರು. ಆದರೆ ಅವರಿಗೆ ಅಷ್ಟು ಸಾಲದಾಯಿತು, ನಿಜವಾಗಿ ಓದಲು ಕಲಿಯಬೇಕಿತ್ತು. ಆ ಆಸೆಯಿಂದಲೇ ಹಿಂದಿನ ಕೋಣೆಯ ಶಾಲೆ ಹುಟ್ಟಿತು. ಕಲಿಸಲು ಬಂದ ಬರ್ನೀಸ್ ರಾಬಿನ್ಸನ್ ಕೇಶಾಲಂಕಾರದ ವೃತ್ತಿಯವರು, ಹಿಂದೆಂದೂ ಪಾಠ ಮಾಡಿದವರಲ್ಲ. ಮಕ್ಕಳ ಪುಸ್ತಕ ಈ ದೊಡ್ಡವರಿಗೆ ಒಗ್ಗದೆಂದು ಮೊದಲ ದಿನವೇ ಅವರಿಗೆ ಅರಿವಾಯಿತು. ನಿಮಗೇನು ಕಲಿಯಬೇಕು ಎಂದು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿ ಆರ್ಡರ್ ಫಾರಂ ತುಂಬಬೇಕು, ಮತ ಹಾಕಬೇಕು. ಅದೇ ಪಠ್ಯವಾಯಿತು.

1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಈ ‘ಪೌರತ್ವ ಶಾಲೆ’ಗಳನ್ನು ವಹಿಸಿಕೊಂಡಿತು, ಅವು ದಕ್ಷಿಣದ ಊರೂರಿಗೆ ಹಬ್ಬಿದವು. ಕಿಂಗ್ ಅವರ ಭಾಷಣಗಳನ್ನು ನಾವೆಲ್ಲ ಬಲ್ಲೆವು. ಆ ಭಾಷಣ ಕೇಳಿದವರು ಮರುದಿನ ನೋಂದಣಿ ಕಚೇರಿಯ ಮುಂದೆ ನಿಲ್ಲಲು ಬೇಕಾದ ಧೈರ್ಯ ಈ ಕೋಣೆಗಳಲ್ಲಿ ಬೆಳೆಯಿತು ಎಂದು ನಾನು ನಂಬುತ್ತೇನೆ. ಸ್ವತಃ ಕಿಂಗ್ ತಮ್ಮ ಅತ್ಯಂತ ಗಟ್ಟಿ ಬರಹವನ್ನು ಶುರುಮಾಡಿದ್ದು 1963ರ ಏಪ್ರಿಲ್‌ನಲ್ಲಿ, ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ, ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ.

ಮಿಸಿಸಿಪ್ಪಿಯ ಗೇಣಿ ಕೂಲಿ ಫ್ಯಾನಿ ಲೂ ಹೇಮರ್ 1962ರ ಆಗಸ್ಟ್‌ನಲ್ಲಿ ಮೊದಲ ಸಲ ಪರೀಕ್ಷೆಗೆ ಹೋದಾಗ ಕೇಳಿದ್ದು ‘ಡಿ ಫ್ಯಾಕ್ಟೊ’ (ಬರಹದಲ್ಲಿ ಇಲ್ಲದಿದ್ದರೂ ವಾಸ್ತವದಲ್ಲಿ ನಡೆಯುವ) ಕಾನೂನಿನ ಅರ್ಥ. ಕ್ರಿಸ್‌ಮಸ್ ಬಗ್ಗೆ ಕುದುರೆಗೆ ಎಷ್ಟು ಗೊತ್ತೋ ತನಗೂ ಅಷ್ಟೇ ಗೊತ್ತಿತ್ತು ಎಂದು ಅವರು ಆಮೇಲೆ ಹೇಳುತ್ತಿದ್ದರು. 18 ವರ್ಷ ದುಡಿದ ತೋಟದಿಂದ ಆ ರಾತ್ರಿಯೇ ಹೊರಬಿದ್ದರು. ಛಲ ಬಿಡದೆ ಓದಿ 1963ರ ಜನವರಿಯಲ್ಲಿ ಪಾಸಾದರು. ಅದೇ ಜೂನ್‌ನಲ್ಲಿ ಚಾರ್ಲ್‌ಸ್ಟನ್‌ನ ಪೌರತ್ವ ಶಾಲೆಯ ತರಬೇತಿ ಮುಗಿಸಿ ಮರಳುವಾಗ ವಿನೋನಾದ ಜೈಲಿನಲ್ಲಿ ಅವರನ್ನು ಬಡಿದ ಏಟಿನ ನೋವು ಜೀವನಪೂರ್ತಿ ಉಳಿಯಿತು.

1965ರ ಆಗಸ್ಟ್ 6ರಂದು ಬಂದ ಮತದಾನ ಹಕ್ಕುಗಳ ಕಾಯ್ದೆ ಆ ರಾಜ್ಯಗಳಲ್ಲಿ ಸಾಕ್ಷರತಾ ಪರೀಕ್ಷೆಯನ್ನು ನಿಲ್ಲಿಸಿತು. ಮಿಸಿಸಿಪ್ಪಿಯಲ್ಲಿ ನೋಂದಣಿಯಾದ ಕಪ್ಪು ಜನರ ಪ್ರಮಾಣ ಕಾಯ್ದೆಗೆ ಮೊದಲು ಶೇ 6.7, 1967ರ ಹೊತ್ತಿಗೆ ಶೇ 59.8. ಚುನಾವಣಾ ನಿಯಮ ಬದಲಿಸುವ ಮೊದಲು ಇಂಥ ರಾಜ್ಯಗಳು ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ಏರ್ಪಾಡು 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ ಕಳೆದುಕೊಂಡಿತು, ಆ ಜಗಳ ಇಂದಿಗೂ ನಡೆದಿದೆ.

ಸೆಪ್ಟಿಮಾ ಕ್ಲಾರ್ಕ್ 1975ರಲ್ಲಿ ಚಾರ್ಲ್‌ಸ್ಟನ್ ಶಾಲಾ ಮಂಡಳಿಗೆ ಆಯ್ಕೆಯಾದರು. ಮರುವರ್ಷ ಪಿಂಚಣಿಯೂ ಮರಳಿ ಬಂತು. ಕೆಲಸ ಕಳೆದುಕೊಂಡು ಆಗ 20 ವರ್ಷವಾಗಿತ್ತು.