ಬಣ್ಣದ ನಕ್ಷೆ ಆಮೇಲೆ ನೋಡೋಣ, ಮೊದಲು ಮ್ಯಾಚ್ ಪಟ್ಟಿ ತೆರೆಯಿರಿ

ಹೋದ ಚಳಿಗಾಲದಲ್ಲಿ ಶಿಕಾಗೋದಿಂದ 76 ವರ್ಷದ ನಿವೃತ್ತ ಟೀಚರೊಬ್ಬರು ತಮ್ಮ ಡಿಎನ್‌ಎ ವರದಿ ಕಳಿಸಿದ್ದರು. ಆಫ್ರಿಕನ್-ಅಮೆರಿಕನ್ ಕುಟುಂಬ, ಅಜ್ಜನ ಕಾಲದಲ್ಲಿ ಮಿಸಿಸಿಪ್ಪಿಯಿಂದ ಬಂದವರು. ವರದಿಯಲ್ಲಿ ಚೆಂದದ ನಕ್ಷೆ ಇತ್ತು. ನೈಜೀರಿಯಾಕ್ಕೆ ಒಂದು ಬಣ್ಣ, ಮಾಲಿಗೆ ಇನ್ನೊಂದು, ಸ್ಕಾಟ್ಲೆಂಡಿಗೆ ಮತ್ತೊಂದು. ಫೋನಿನಲ್ಲಿ ಅವರು ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: "ನನ್ನ ಮುತ್ತಜ್ಜನ ತಾಯಿ ಯಾರು?" ನಕ್ಷೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಡಿಎನ್‌ಎ ಮತ್ತು ಹಳೇ ದಾಖಲೆಗಳನ್ನು ಜೊತೆಗಿಟ್ಟುಕೊಂಡು ಜನರ ವಂಶಾವಳಿ ಹುಡುಕಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಆಫ್ರಿಕನ್-ಅಮೆರಿಕನ್ನರು. ನಮ್ಮೂರಿಗೆ ಹೆಳವರು ಬಂದು ಕಟ್ಟೆಯ ಮೇಲೆ ಕೂತು ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೇಳುತ್ತಿದ್ದುದನ್ನು ಕೇಳಿ ಬೆಳೆದವಳು ನಾನು. ಹೆಸರುಗಳೇ ಸಿಗದ ಜನ ಇದ್ದಾರೆ ಅನ್ನೋದು ಈ ಕೆಲಸಕ್ಕೆ ಬಂದ ಮೇಲೆ ಗೊತ್ತಾಯಿತು.

ನಮ್ಮಲ್ಲಿ '1870ರ ಗೋಡೆ' ಅನ್ನುತ್ತೇವೆ. ಗುಲಾಮಗಿರಿಯಿಂದ ಬಿಡುಗಡೆಯಾದ ಸುಮಾರು 40 ಲಕ್ಷ ಜನರನ್ನು ಹೆಸರು ಹಿಡಿದು ಬರೆದ ಮೊದಲ ಜನಗಣತಿ 1870ರದ್ದು. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆ ಪಟ್ಟಿ ಇತ್ತು. ಆ ಹಾಳೆಗಳನ್ನು ಎಷ್ಟು ಸಲ ನೋಡಿದರೂ ಮನಸ್ಸು ಭಾರವಾಗುತ್ತದೆ. ಎಡಗಡೆ ಯಜಮಾನನ ಹೆಸರು, ದುಂಡಗಿನ ಕೈಬರಹದಲ್ಲಿ. ಅದರ ಮುಂದೆ ಸಾಲು ಸಾಲು ಅಂಕಿ. 34, ಹೆಣ್ಣು, ಕಪ್ಪು. 9, ಗಂಡು, ಕಪ್ಪು. 6, ಹೆಣ್ಣು, ಮಿಶ್ರ ಬಣ್ಣ. 34ರ ಆ ಹೆಂಗಸು 9 ವರ್ಷದ ಹುಡುಗನ ತಾಯಿ ಹೌದೋ ಅಲ್ಲವೋ, ಹಾಳೆ ಹೇಳುವುದಿಲ್ಲ.

ಈ ಗೋಡೆ ದಾಟಲು ಡಿಎನ್‌ಎ ಸಹಾಯ ಮಾಡುತ್ತದೆ. ಹೇಗೆ ಅನ್ನುವುದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ.

ನಕ್ಷೆಯ ಶೇಕಡಾವಾರು ಲೆಕ್ಕ ಒಂದು ಅಂದಾಜು. ಕಂಪನಿ ತನ್ನ ಹತ್ತಿರ ಇರುವ ಇಂದಿನ ಜನರ ಮಾದರಿಗಳಿಗೆ ನಿಮ್ಮ ಡಿಎನ್‌ಎ ಹೋಲಿಸಿ ನೋಡುತ್ತದೆ. ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹೋದ ವರ್ಷ ಕ್ಯಾಮರೂನ್ ಅಂದದ್ದು ಈ ವರ್ಷ ಬೆನಿನ್ ಆಗಬಹುದು. ಅಲ್ಲದೆ ನೈಜೀರಿಯಾ ಅನ್ನೋ ದೇಶವೇ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಕಾಲದಲ್ಲಿ ಇರಲಿಲ್ಲ. ಬರೀ ತಾಯಿಯ ತಾಯಿ, ಅವಳ ತಾಯಿ ಹೀಗೆ ಒಂದೇ ಎಳೆ ಹಿಡಿದು ಹೋಗುವ ಮೈಟೊಕಾಂಡ್ರಿಯಾ ಪರೀಕ್ಷೆಯೂ ಇದೆ. ಆದರೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ಪೂರ್ವಜರ ಜಾಗಗಳು 1,024. ಆ ಪರೀಕ್ಷೆ ಹೇಳುವುದು ಅವರಲ್ಲಿ ಒಬ್ಬಳ ಕಥೆ ಮಾತ್ರ. ಅದೇ ಎಳೆ ಪಶ್ಚಿಮ ಆಫ್ರಿಕಾದ ಹಲವು ಬುಡಕಟ್ಟುಗಳಲ್ಲಿ ಸಿಗುತ್ತದೆ. 'ನೀವು ಇಂಥದ್ದೇ ಕುಲದವರು' ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ.

ಯುರೋಪಿನ ಪಾಲಿನ ಬಗ್ಗೆ ಮಾತ್ರ ವರದಿ ತೆರೆಯುವ ಮೊದಲೇ ಮಾತಾಡುತ್ತೇನೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆಫ್ರಿಕನ್-ಅಮೆರಿಕನ್ನರ ಡಿಎನ್‌ಎಯಲ್ಲಿ ಯುರೋಪಿನ ಪಾಲು ಸರಾಸರಿ ಶೇ. 24 ಇತ್ತು. ಅದರಲ್ಲಿ ಬಹುಪಾಲು ಗಂಡಸರ ಕಡೆಯಿಂದ ಬಂದದ್ದು. ಬೇಡ ಅನ್ನುವ ಹಕ್ಕೇ ಇಲ್ಲದ ಹೆಣ್ಣುಮಕ್ಕಳ ಮೇಲೆ ಏನು ನಡೆಯಿತು ಅನ್ನುವುದಕ್ಕೆ ಈ ಅಂಕಿಯೇ ಸಾಕ್ಷಿ. ಇದನ್ನು ಒಬ್ಬರೇ ಕೂತು ಪರದೆಯ ಮೇಲೆ ಓದಬಾರದು. ಪಕ್ಕದಲ್ಲಿ ಯಾರಾದರೂ ಇರಬೇಕು.

ನಿಜವಾದ ಕೆಲಸ ಶುರುವಾಗುವುದು ಮ್ಯಾಚ್ ಪಟ್ಟಿಯಲ್ಲಿ. ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದವರ ಪೈಕಿ ನಿಮ್ಮ ಜೊತೆ ಡಿಎನ್‌ಎ ಹಂಚಿಕೊಂಡವರ ಪಟ್ಟಿ ಅದು. ಎಷ್ಟು ಹಂಚಿಕೊಂಡಿದ್ದಾರೆ ಅನ್ನುವುದನ್ನು ಸೆಂಟಿಮಾರ್ಗನ್‌ನಲ್ಲಿ ಅಳೆಯುತ್ತಾರೆ. ಅಪ್ಪ-ಮಗಳ ಮಧ್ಯೆ ಸುಮಾರು 3,400. ಅಣ್ಣತಮ್ಮಂದಿರ ಮಕ್ಕಳ ಮಧ್ಯೆ 850ರ ಆಸುಪಾಸು. ಮುತ್ತಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಸರಾಸರಿ 70ರಷ್ಟು, ಕೆಲವೊಮ್ಮೆ ಸೊನ್ನೆಯೂ ಬರಬಹುದು. ಪ್ರತಿ ತಲೆಮಾರಿಗೆ ಅರ್ಧ ಕಳೆದುಹೋಗುತ್ತದೆ ಅಲ್ವಾ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮನೆಯ ಹಿರಿಯರ ಪರೀಕ್ಷೆ ಮೊದಲು ಮಾಡಿಸಿ. ಮೊಮ್ಮಗ ಆಮೇಲೆ ಮಾಡಿಸಿದರೂ ನಡೆಯುತ್ತದೆ.

ಟೀಚರ್ ಪಟ್ಟಿಯಲ್ಲಿ ವರ್ಜೀನಿಯಾದ ಒಬ್ಬ ಮಹಿಳೆ ಇದ್ದರು. 68 ಸೆಂಟಿಮಾರ್ಗನ್. ಟೀಚರ್ ಆ ಹೆಸರನ್ನೇ ಕೇಳಿರಲಿಲ್ಲ. ಆದರೆ 1870ರ ಜನಗಣತಿಯಲ್ಲಿ ಇವರ ಮುತ್ತಜ್ಜನ ಸಾಲು ನನಗೆ ನೆನಪಿತ್ತು. ವಯಸ್ಸು 28, ವಾಸ ಮಿಸಿಸಿಪ್ಪಿ, ಹುಟ್ಟಿದ್ದು ವರ್ಜೀನಿಯಾ. 1808ರಲ್ಲಿ ಹೊರಗಿನಿಂದ ಗುಲಾಮರನ್ನು ತರುವುದು ನಿಷೇಧವಾದ ಮೇಲೆ ದೇಶದೊಳಗಿನ ವ್ಯಾಪಾರ ಬೆಳೆಯಿತು. ಹತ್ತಿ ಹೊಲಗಳಿಗಾಗಿ ಸುಮಾರು 10 ಲಕ್ಷ ಜನರನ್ನು ಹಳೇ ರಾಜ್ಯಗಳಿಂದ ದಕ್ಷಿಣಕ್ಕೆ ಸಾಗಿಸಿದರು. ಅವರಲ್ಲಿ ಎಷ್ಟೋ ಮಕ್ಕಳು ತಾಯಿಯಿಂದ ಬೇರೆಯಾದರು. ಮುತ್ತಜ್ಜನೂ ಹಾಗೆ ಹೋದ ಹುಡುಗ ಇರಬಹುದು ಅನ್ನಿಸಿತು.

ಮೊದಲು ಟೀಚರ್ ಅವರ ಚಿಕ್ಕಪ್ಪನ ಮಗನಿಂದ ಪರೀಕ್ಷೆ ಮಾಡಿಸಿದೆ. ಅವರಿಗೂ ವರ್ಜೀನಿಯಾದ ಮಹಿಳೆ ಮ್ಯಾಚ್ ಆದರು. ಅಂದರೆ ಸಂಬಂಧ ಅಪ್ಪನ ಕಡೆಯದು. ಆ ಮಹಿಳೆಯ ಮನೆಯವರು ಬಿಡುಗಡೆಯಾದ ಮೇಲೂ ತಾವು ಗುಲಾಮರಾಗಿದ್ದ ಕೌಂಟಿಯಲ್ಲೇ (ನಮ್ಮ ಜಿಲ್ಲೆಯಂಥದ್ದು) ಉಳಿದವರು. ಕೌಂಟಿ ಗೊತ್ತಾದ ಮೇಲೆ ಕೋರ್ಟಿನ ಹಳೇ ಪುಸ್ತಕ ಹುಡುಕಬಹುದು. ಯಜಮಾನ ಸತ್ತಾಗ ಅವನ ಆಸ್ತಿಯ ಪಟ್ಟಿ ಮಾಡುತ್ತಿದ್ದರು. ಕುದುರೆ, ನೇಗಿಲು, ಮಂಚ, ಮನುಷ್ಯರು. 1854ರ ಅಂಥ ಒಂದು ಪಟ್ಟಿಯಲ್ಲಿ ತಾಯಿ, ಅವಳ ಮೂವರು ಮಕ್ಕಳು, ಪ್ರತಿಯೊಬ್ಬರ ಮುಂದೆ ಬೆಲೆ. ಒಬ್ಬ ಹುಡುಗನ ಹೆಸರು ಮುತ್ತಜ್ಜನದ್ದೇ.

ಒಂದೇ ಹೆಸರಿನ ಹುಡುಗರು ಎಷ್ಟೋ ಜನ ಇರುತ್ತಾರೆ. 68 ಅನ್ನುವ ಅಂಕಿಗೂ ಬೇರೆ ಬೇರೆ ಸಂಬಂಧ ಹೊಂದುತ್ತದೆ. ಇನ್ನೊಂದು ಕಾಗದ ಬೇಕಿತ್ತು. ಸ್ವತಂತ್ರರಾದವರಿಗಾಗಿ 1865ರಲ್ಲಿ ಶುರುವಾಗಿ 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಬ್ಯಾಂಕ್ ಖಾತೆ ತೆರೆಯುವಾಗ ಎಷ್ಟೋ ಕಡೆ ತಂದೆ, ತಾಯಿ, ಒಡಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಿತ್ತು. ಮಿಸಿಸಿಪ್ಪಿಯ ವಿಕ್ಸ್‌ಬರ್ಗ್ ಶಾಖೆಯ ಪುಸ್ತಕದಲ್ಲಿ ಮುತ್ತಜ್ಜ ಸಿಕ್ಕಿದರು. ತಾಯಿಯ ಹೆಸರು ಹೇಳಿದ್ದಾರೆ. ತಂಗಿಯ ಹೆಸರನ್ನೂ ಹೇಳಿದ್ದಾರೆ. ಎರಡೂ 1854ರ ಪಟ್ಟಿಗೆ ಹೊಂದಿದವು. ಆ ತಂಗಿ ವರ್ಜೀನಿಯಾದ ಮಹಿಳೆಯ ಮುತ್ತಜ್ಜಿ.

ಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. 2025ರ ಮಾರ್ಚ್‌ನಲ್ಲಿ ಟ್ವೆಂಟಿಥ್ರೀ ಆ್ಯಂಡ್ ಮಿ ಅನ್ನುವ ಡಿಎನ್‌ಎ ಪರೀಕ್ಷೆಯ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ತಮ್ಮ ಡಿಎನ್‌ಎ ಯಾರ ಕೈ ಸೇರುತ್ತದೋ ಅಂತ ಜನ ಕಂಗಾಲಾದರು. ಷರತ್ತುಗಳನ್ನು ಓದದೆ ಸುಮ್ನೆ ಒತ್ತಬೇಡಿ. ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಳಿಸುವುದು ಹೇಗೆ ಅಂತ ಮೊದಲೇ ತಿಳಿದುಕೊಳ್ಳಿ. ಒಬ್ಬರ ಡಿಎನ್‌ಎಯಲ್ಲಿ ಇಡೀ ಮನೆಯವರ ಗುಟ್ಟು ಇರುತ್ತದೆ.

ಎಲ್ಲ ಕಾಗದ ಕಳಿಸಿದ ದಿನ ಟೀಚರ್ ಫೋನ್ ಮಾಡಿದರು. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಪುಟ ತಿರುವುವ ಸದ್ದು ಕೇಳಿಸಿತು. ಮನೆತನದವರ ಹುಟ್ಟು, ಮದುವೆ ಬರೆದಿಡುವ ಹಳೇ ಬೈಬಲ್ ಅದು. ಮುತ್ತಜ್ಜನ ಹೆಸರಿನ ಮೇಲೆ ಯಾರೋ ಮುಂಚೆಯೇ ಒಂದು ಸಾಲು ಖಾಲಿ ಬಿಟ್ಟಿದ್ದರಂತೆ. "ಅವಳ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿ, ಬರೆದುಕೊಳ್ಳುತ್ತೇನೆ" ಅಂದರು. ನಿಧಾನವಾಗಿ ಹೇಳಿದೆ.