9 ಡಿಗ್ರಿಯ ನೆಲದಿಂದ 21 ಡಿಗ್ರಿಯ ಮನೆ ಹೇಗೆ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟಾದಲ್ಲಿ ಮನೆ ಕೊಂಡಿದ್ದೇವೆ. ಮನೆ ಬೆಚ್ಚಗಿಡುವ ಹಳೆಯ ಫರ್ನೇಸ್ ತೆಗೆದು, ನೆಲದ ಶಾಖ ಬಳಸುವ ಜಿಯೋಥರ್ಮಲ್ ಹಾಕಿಸಿಕೊಳ್ಳಿ ಎಂದು ನೆರೆಯವರು ಹೇಳುತ್ತಾರೆ. ಇಲ್ಲಿ ನೆಲದಡಿಯ ಉಷ್ಣತೆ ಸುಮಾರು 9 ಡಿಗ್ರಿಯಂತೆ. ಅಷ್ಟು ತಣ್ಣಗಿನ ನೆಲ ಮನೆಯನ್ನು 21 ಡಿಗ್ರಿಗೆ ಏರಿಸುವುದಾದರೂ ಹೇಗೆ? ಊರಿನಲ್ಲಿ, ಬೆಂಗಳೂರಿನಲ್ಲಿ, ಕಟ್ಟಿಸುತ್ತಿರುವ ಮನೆಗೂ ಇದು ಆದೀತೇ?

ಉತ್ತರ: ಈ ವ್ಯವಸ್ಥೆಯ ಬಗ್ಗೆ ವಿಚಾರಿಸುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ, ಅದಕ್ಕೆ ಹೆಸರೂ ಸ್ವಲ್ಪ ಕಾರಣ. ಜಿಯೋಥರ್ಮಲ್ ಎಂದೊಡನೆ ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಗಳೋ ಲಡಾಖಿನ ಪೂಗಾ ಕಣಿವೆಯೋ ಕಣ್ಣಿಗೆ ಬರುತ್ತದೆ. ಮನೆಗೆ ಅಳವಡಿಸುವ ವ್ಯವಸ್ಥೆಗೂ ಭೂಗರ್ಭದ ಆ ಕಾವಿಗೂ ಹೆಚ್ಚಿನ ನಂಟಿಲ್ಲ. ನೆಲದ ಮೇಲ್ಪದರದಲ್ಲಿರುವುದು ಬಹುಮಟ್ಟಿಗೆ ಬಿಸಿಲು ಕೊಟ್ಟ ಶಾಖ. ಹತ್ತು ಮೀಟರಿಗಿಂತ ಕೆಳಗೆ ಹೋದರೆ ಅದು ಆಯಾ ಊರಿನ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲಿ, ಋತು ಬದಲಾದರೂ ಹೆಚ್ಚು ಕದಲದೆ ನಿಂತಿರುತ್ತದೆ. ಮಾಗಿಯ ಬೆಳಗ್ಗೆ ಸೇದಿದ ಬಾವಿನೀರು ಕೈಗೆ ಬೆಚ್ಚಗೆ, ಬೇಸಿಗೆಯ ಮಧ್ಯಾಹ್ನ ಅದೇ ನೀರು ತಣ್ಣಗೆ ಅನ್ನಿಸುವುದು ನೀರು ಬದಲಾದದ್ದರಿಂದಲ್ಲ, ಹೊರಗಿನ ಗಾಳಿ ಬದಲಾದದ್ದರಿಂದ.

ಇನ್ನು 9 ಡಿಗ್ರಿಯ ಮಾತು. ಅಡುಗೆಮನೆಯ ಫ್ರಿಜ್ಜಿನ ಒಳಗಿರುವುದು 4 ಡಿಗ್ರಿ, ಆದರೆ ಅದರ ಹಿಂಬದಿಯನ್ನೋ ಪಕ್ಕವನ್ನೋ ಮುಟ್ಟಿದರೆ ಬಿಸಿ. ನಿನ್ನೆಯ ಸಾರಿನ ಪಾತ್ರೆಯಿಂದಲೂ ತರಕಾರಿಯಿಂದಲೂ ಎಳೆದ ಶಾಖವನ್ನೇ ಅದು ಹೊರಗೆ ಸುರಿಯುತ್ತಿರುತ್ತದೆ. ನಿಮ್ಮ ನೆರೆಯವರು ಹೇಳುತ್ತಿರುವ ಹೀಟ್ ಪಂಪ್ ಮಾಡುವುದೂ ಇದನ್ನೇ; ಇಲ್ಲಿ ಸಾರಿನ ಪಾತ್ರೆಯ ಜಾಗದಲ್ಲಿ ನಿಮ್ಮ ಹಿತ್ತಿಲಿನ ನೆಲವಿದೆ ಎಂದುಕೊಳ್ಳಿ.

ಯಂತ್ರದೊಳಗೆ ಸುತ್ತುತ್ತ ಶಾಖ ಹೊತ್ತೊಯ್ಯುವ ದ್ರವದ, ಅಂದರೆ ಶೀತಕದ, ಸ್ವಭಾವದಲ್ಲಿಯೇ ಗುಟ್ಟಿದೆ. ಬಹುಕಾಲ ಬಳಕೆಯಲ್ಲಿರುವ ಆರ್-410ಎ ಎಂಬ ಶೀತಕ ಸಾಮಾನ್ಯ ವಾಯುಒತ್ತಡದಲ್ಲಿ ಸುಮಾರು −51 ಡಿಗ್ರಿಯಲ್ಲೇ ಕುದಿದುಬಿಡುತ್ತದೆ. ಯಂತ್ರದ ಒಂದು ಬದಿಯಲ್ಲಿ ಒತ್ತಡವನ್ನು ಹೊಂದಿಸಿ, ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ಅದು ಕುದಿಯುವಂತೆ ಮಾಡಿರುತ್ತಾರೆ. ನೆಲದಡಿಯ ಕೊಳವೆಗಳಲ್ಲಿ ಸುತ್ತಿ ಬರುವ ನೀರು ಮತ್ತು ಅದು ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜಿನ ಮಿಶ್ರಣ, ತಿಂಗಳುಗಟ್ಟಲೆ ಶಾಖ ತೆಗೆದ ಮೇಲೆ ಚಳಿಗಾಲದ ಕೊನೆಯಲ್ಲಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿದಿರಬಹುದು. ಆದರೂ ಶೀತಕಕ್ಕೆ ಅದೇ ಒಲೆ. ಕುದಿದು ಆವಿಯಾದ ಶೀತಕವನ್ನು ಕಂಪ್ರೆಸರ್ ಅದುಮುತ್ತದೆ, ಅದುಮಿದಾಗ ಉಷ್ಣತೆ ಏರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಕೂಡಲೇ ಪಂಪಿನ ತಳ ಮುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಬಿಸಿಯಾದ ಆವಿ ತನ್ನ ಶಾಖವನ್ನು ಮನೆಯ ಗಾಳಿಗೆ ಕೊಟ್ಟು ಮತ್ತೆ ದ್ರವವಾಗಿ ಸುತ್ತಿಗೆ ಮರಳುತ್ತದೆ. ಬೇಸಿಗೆಯಲ್ಲಿ ಒಂದು ಕವಾಟ ತಿರುಗಿ ಇದೇ ಸುತ್ತು ಹಿಮ್ಮುಖವಾಗುತ್ತದೆ. ಆಗ ಮನೆಯ ಬಿಸಿ ನೆಲಕ್ಕೆ ಹೋಗುತ್ತದೆ. ಇದು ಹೊಸ ಯೋಚನೆಯೇನಲ್ಲ: ನೆಲವನ್ನೇ ಶಾಖದ ಮೂಲವಾಗಿ ಬಳಸುವ ಪೇಟೆಂಟು 1912ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ಹೈನ್ರಿಕ್ ಝೋಲಿಯವರ ಹೆಸರಿನಲ್ಲಿತ್ತು.

ಲೆಕ್ಕ ಹೀಗೆ: ಒಳ್ಳೆಯ ವ್ಯವಸ್ಥೆ 1 ಯೂನಿಟ್ ವಿದ್ಯುತ್ತಿಗೆ 3ರಿಂದ 4 ಯೂನಿಟ್ ಶಾಖ ತಲುಪಿಸುತ್ತದೆ. ವಿದ್ಯುತ್ತು ಇಲ್ಲಿ ಸಾಗಣೆಯ ಕೂಲಿಯಷ್ಟೇ, ಸರಕು ನೆಲದ್ದು. ಹೊರಗಿನ ಗಾಳಿಯಿಂದಲೂ ಶಾಖ ಎಳೆಯಬಹುದು. ಆದರೆ ನಿಮ್ಮಲ್ಲಿ ಶಾಖ ಅತಿ ಹೆಚ್ಚು ಬೇಕಾದ ರಾತ್ರಿಯಲ್ಲೇ ಆ ಗಾಳಿ −25 ಡಿಗ್ರಿಗೆ ಇಳಿದಿರುತ್ತದೆ, ಯಂತ್ರದ ದುಡಿಮೆ ಆಗಲೇ ಕುಗ್ಗುತ್ತದೆ. ನೆಲಕ್ಕೆ ಆ ತೊಂದರೆಯಿಲ್ಲ.

ತೊಂದರೆ ಇರುವುದು ಅಗೆತದಲ್ಲಿ. ವಿಶಾಲ ಜಾಗವಿದ್ದರೆ ಆರೆಂಟು ಅಡಿ ಆಳದ ಕಾಲುವೆ ತೋಡಿ ಪಾಲಿಥಿನ್ ಕೊಳವೆ ಹಾಸುತ್ತಾರೆ. ಇಲ್ಲದಿದ್ದರೆ 150ರಿಂದ 300 ಅಡಿಯ ಬೋರುಗಳನ್ನು ಕೊರೆದು, ಕೊಳವೆ ಇಳಿಸಿ, ಸುತ್ತಲೂ ಬೆಂಟೊನೈಟ್ ಜೇಡಿ ತುಂಬುತ್ತಾರೆ. ಒಟ್ಟು ವೆಚ್ಚ 20 ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ. ಇದಕ್ಕಿದ್ದ ಶೇ. 30ರ ಫೆಡರಲ್ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿದಿದೆ. ಆದ್ದರಿಂದ ನಿಮ್ಮ ಹಳೆಯ ಫರ್ನೇಸಿನ ಇಂಧನ ಯಾವುದೆಂಬುದು ಮುಖ್ಯ. ಪ್ರೊಪೇನ್ ಟ್ಯಾಂಕು ತುಂಬಿಸಿಕೊಳ್ಳುವ ಮನೆಯಾದರೆ ನೆರೆಯವರ ಮಾತು ಕೇಳಬಹುದು. ಪೈಪಿನಲ್ಲಿ ಅಗ್ಗದ ಗ್ಯಾಸು ಬರುತ್ತಿದ್ದರೆ ಹಾಕಿದ ಹಣ ಹಿಂದಿರುಗಲು ಬಹಳ ವರ್ಷ ಹಿಡಿದೀತು. ಇನ್ನೊಂದು ಮಾತು: ಕೋಣೆಗಳಿಗೆ ಗಾಳಿ ಒಯ್ಯುವ ಡಕ್ಟಿನಿಂದ ಬರುವ ಗಾಳಿ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಫರ್ನೇಸಿನದರಷ್ಟು ಕಾದಿರುವುದಿಲ್ಲ. ಕೈಯೊಡ್ಡಿ ನೋಡಿ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಮೆಲ್ಲಗೆ, ಹೆಚ್ಚು ಹೊತ್ತು ಓಡುವಂತೆಯೇ ಮಾಡಿದ್ದು.

ಬೆಂಗಳೂರಿನ ಮನೆಗೆ ಇದು ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬಿಸಿ ಮಾಡುವ ಅಗತ್ಯವೇ ಇಲ್ಲ. ಮಿನ್ನೆಸೋಟಾದಲ್ಲಿ ಚಳಿಗಾಲ ತೆಗೆದುಕೊಂಡ ಶಾಖದ ಒಂದಷ್ಟು ಪಾಲನ್ನು ಬೇಸಿಗೆ ಹಿಂದಿರುಗಿಸುತ್ತದೆ. ಬೆಂಗಳೂರಿನಲ್ಲಿ ತಂಪು ಮಾತ್ರ ಬೇಕಾದ್ದರಿಂದ ವರ್ಷ ವರ್ಷವೂ ನೆಲಕ್ಕೆ ಬಿಸಿ ತುಂಬುವುದೊಂದೇ ಕೆಲಸವಾಗಿ, ಬೋರಿನ ಸುತ್ತಲಿನ ಮಣ್ಣು ಕ್ರಮೇಣ ಕಾಯುತ್ತ ಹೋಗುತ್ತದೆ. ಅದೇ ಹಣದ ಸಣ್ಣ ಪಾಲಿನಲ್ಲಿ ತಾರಸಿಗೆ ಬಿಸಿಲು ತಡೆಯುವ ಪದರ ಹಾಕಿಸಿ, ಪಶ್ಚಿಮದ ಕಿಟಕಿಗಳ ಮೇಲೆ ಸಜ್ಜಾ ಚಾಚಿಸಿದರೆ ಹೆಚ್ಚು ಲಾಭ.