ಎಂಡಾರ್ಫಿನ್ ಅಲ್ಲ ಸಾರ್, ಆನಂದಮೈಡ್

ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿಗೆ ಹೋದರೆ ಎರಡು ಥರದ ಜನ ಸಿಗುತ್ತಾರೆ. ವಾಚ್ ನೋಡುತ್ತಾ, ಹಲ್ಲು ಕಚ್ಚಿಕೊಂಡು, ಸಾಲ ತೀರಿಸುವವರ ಹಾಗೆ ಓಡುವವರು. ಮಗಳ ಮದುವೆ ಮಾತಾಡುತ್ತಾ ಬಿರಬಿರನೆ ನಡೆಯುವವರು. ಖುಷಿ ಎಲ್ಲಿಂದ ಬರುತ್ತೆ ಅಂತ ಕೇಳಿ, ಇಬ್ಬರದ್ದೂ ಒಂದೇ ಉತ್ತರ: 'ಎಂಡಾರ್ಫಿನ್!'

ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯೋದಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್‌ಲಿಟ್ಜ್ ಹಂದಿಯ ಮಿದುಳಿನಲ್ಲಿ ಅಫೀಮಿನಂತೆ ಕೆಲಸ ಮಾಡುವ ವಸ್ತು ಕಂಡರು. ಮೈಯಲ್ಲೇ ತಯಾರಾಗುವ ಇಂಥ ವಸ್ತುಗಳಿಗೆ ಎಂಡಾರ್ಫಿನ್ ಅಂತ ಹೆಸರು ಬಿತ್ತು. ಆಮೇಲೆ ಓಡಿದವರ ರಕ್ತದಲ್ಲಿ ಎಂಡಾರ್ಫಿನ್ ಏರುವುದೂ ಗೊತ್ತಾಯಿತು. ಸರಿ, ಖುಷಿಗೆ ಇದೇ ಕಾರಣ ಅಂದುಬಿಟ್ಟರು. ರಕ್ತದಲ್ಲಿದ್ದರೆ ಸಾಕಾ? ಮಿದುಳಿಗೆ ಹೋಗಬೇಡವಾ?

ಮಿದುಳಿನ ರಕ್ತನಾಳಗಳ ಗೋಡೆ ಅಪಾರ್ಟ್‌ಮೆಂಟಿನ ಗೇಟ್ ಇದ್ದ ಹಾಗೆ. ದೊಡ್ಡ ಸೋಫಾ ಹೊತ್ತು ತಂದವನನ್ನು ಸೆಕ್ಯುರಿಟಿಯವರು ಸುಮ್ನೆ ಬಿಡುತ್ತಾರಾ? ಎಂಡಾರ್ಫಿನ್ ಆ ಸೋಫಾ. ಗೇಟಿನ ಹೊರಗೆ ನೂರು ಸೋಫಾ ಇಳಿಸಿದರೂ ಮೂರನೇ ಮಹಡಿಯವರಿಗೆ ಕೂರಲು ನೆಲವೇ ಗತಿ. ಮಿದುಳಿನೊಳಗೂ ಎಂಡಾರ್ಫಿನ್ ತಯಾರಾಗುತ್ತದೆ, ನಿಜ. ಆದರೆ ರಕ್ತದ ಲೆಕ್ಕ ಅದರ ಲೆಕ್ಕವಲ್ಲ.

ಇನ್ನೊಂದು ವಸ್ತುವಿಗೆ ಈ ಗೇಟಿನ ಕಾಟವಿಲ್ಲ. ಅದು ಚಿಕ್ಕದು, ಕೊಬ್ಬಿನ ಜಾತಿಯದು. ಬೋಂಡಾ ಕಟ್ಟಿದ ಪೇಪರಿನಿಂದ ಎಣ್ಣೆ ಆಚೆ ಬರುತ್ತದಲ್ಲ, ಹಾಗೆ ಗೋಡೆ ದಾಟುತ್ತದೆ. ಇದು ಸಿಕ್ಕಿದ್ದು 1992ರಲ್ಲಿ, ಜೆರುಸಲೇಮಿನ ರಾಫೆಲ್ ಮೆಷೂಲಂ ಅವರ ಲ್ಯಾಬಿನಲ್ಲಿ. ಆಗಲೂ ಹಂದಿಯ ಮಿದುಳೇ! ಗಾಂಜಾ ಮಿದುಳಿನಲ್ಲಿ ಯಾವ ಬೀಗ ತೆಗೆಯುತ್ತದೋ ಅದಕ್ಕೆ ನಮ್ಮ ಮೈಯಲ್ಲೇ ತಯಾರಾಗುವ ಕೀಲಿಕೈ ಇದು. ಹೆಸರಿಟ್ಟದ್ದು ನಮ್ಮ 'ಆನಂದ'ದಿಂದಲೇ: ಆನಂದಮೈಡ್.

2021ರಲ್ಲಿ ಜರ್ಮನಿಯಲ್ಲಿ ಎಂಡಾರ್ಫಿನ್ನಿನ ಬೀಗ ಮುಚ್ಚುವ ಮಾತ್ರೆ ಕೊಟ್ಟು ಜನರನ್ನು 45 ನಿಮಿಷ ಓಡಿಸಿದರು. ಆದರೂ ಅವರಿಗೆ ಖುಷಿಯಾಯಿತು, ಆತಂಕ ಇಳಿಯಿತು.

ಓಡಿದರೆ ಆನಂದಮೈಡೂ ಏರುತ್ತದೆ. ಆದರೆ ತೀರಾ ನಿಧಾನಕ್ಕೆ ಹೋದರೂ ಅದು ಹೆಚ್ಚುವುದಿಲ್ಲ, ಜೀವ ಹೋಗುವ ಹಾಗೆ ಓಡಿದರೂ ಇಲ್ಲ. ಅದೂ ಅಲ್ಲದೆ, ಒಂದು ಮಿತಿ ದಾಟಿ ಏದುಸಿರು ಬಂದರೆ ಓಡುವಾಗಲೇ ಮನಸ್ಸು ಕೆಡುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಿತವಾದ ವೇಗ ಅದು. ಕಬ್ಬನ್ ಪಾರ್ಕಿನಲ್ಲಿ ಅರ್ಧ ಗಂಟೆಗೆ 5 ಕಿ.ಮೀ. ಓಡುತ್ತೇನೆ ಅಂತ ನಾನೂ ಹಠ ಹಿಡಿದಿದ್ದೆ. ಮೂರೇ ವಾರಕ್ಕೆ ಶೂ ಬಾಲ್ಕನಿ ಸೇರಿತು. ಈಗ ಬೀದಿಯಲ್ಲಿ ಶಟಲ್ ಆಡುತ್ತೇನೆ. ನೆಟ್ ಇಲ್ಲ, ಎದುರುಮನೆ ಆಂಟಿಯ ಕಾಂಪೌಂಡಿನ ಗೆರೆಯೇ ಬೌಂಡರಿ. ಕಾರು ಬಂದಾಗಲೆಲ್ಲ ಆಟ ನಿಲ್ಲಿಸಿ ಪಕ್ಕಕ್ಕೆ ಸರಿಯಬೇಕು. ಆ ಗ್ಯಾಪಿನಲ್ಲೇ ಸ್ಕೋರಿನ ಜಗಳ ಶುರು.

ಯಾರೂ ಬಲವಂತ ಮಾಡದೆ ಓಡೋದು ನಾವಷ್ಟೇ ಅಲ್ಲ. ನೆದರ್ಲೆಂಡ್ಸಿನ ವಿಜ್ಞಾನಿಗಳು ಬಯಲಿನಲ್ಲಿ ಇಲಿ ಓಡುವ ಚಕ್ರ ಇಟ್ಟಿದ್ದರು. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಮೊದಲು ತಿಂಡಿ ಇಟ್ಟು ಕರೆದರು. ಆಮೇಲೆ ತಿಂಡಿ ತೆಗೆದರೂ ಕಾಡಿಲಿಗಳು ಬಂದು ಓಡಿದವು. ಕ್ಯಾಮೆರಾದಲ್ಲಿ ಕಪ್ಪೆಗಳೂ ಸಿಕ್ಕವು. ಚಿಪ್ಪಿಲ್ಲದ ಬಸವನಹುಳುಗಳೂ ಚಕ್ರ ಹತ್ತಿದ್ದವು.